ಒಂದು ಚಿಟಿಕೆ ತಂಬಾಕು, ಬಾಯಿಯ ಕ್ಯಾನ್ಸರ್ ಮತ್ತು ಎಚ್‌ಐವಿ



ಮೈಕಿನ ಮುಂದೆ ನಮಗೆ ಸಿಗುವುದು ಎರಡು ಹಾಡುಗಳ ನಡುವಿನ ಒಂದೆರಡು ನಿಮಿಷ. ಅಷ್ಟರಲ್ಲಿ "ತಂಬಾಕು ಆರೋಗ್ಯಕ್ಕೆ ಹಾನಿಕರ" ಎಂದು ಹೇಳಿ ಮುಂದಿನ ಹಾಡಿಗೆ ಹೋಗಿಬಿಡಬಹುದು. ಆ ಮಾತನ್ನು ನೀವು ಸಿನಿಮಾ ಥಿಯೇಟರಿನಲ್ಲಿ ನೂರು ಸಲ ಕೇಳಿದ್ದೀರಿ, ನೂರು ಸಲವೂ ಕಿವಿಯ ಮೇಲೆ ಹಾದು ಹೋಗಿದೆ. ಆದ್ದರಿಂದ ಈ ಸಲದ ಪುಟದಲ್ಲಿ ಸ್ವಲ್ಪ ನಿಧಾನವಾಗಿ ಕುಳಿತು ಮಾತಾಡೋಣ. ವಿಷಯ ಎರಡು. ಒಂದು, ಹೊಗೆ ಇಲ್ಲದ ತಂಬಾಕು. ಇನ್ನೊಂದು ಎಚ್‌ಐವಿ. ಇವೆರಡೂ ಒಂದೇ ಬಾಯಿಯಲ್ಲಿ ಸೇರಿದಾಗ ಏನಾಗುತ್ತದೆ ಎಂಬುದನ್ನು ನಮ್ಮ ಭಾಷೆಯಲ್ಲಿ ಯಾರೂ ಬಿಡಿಸಿ ಹೇಳಿದ್ದನ್ನು ನಾನು ಹೆಚ್ಚು ಕಂಡಿಲ್ಲ. ತಂಬಾಕಿನ ಬಗ್ಗೆ ಹೇಳುವವರು ಎಚ್‌ಐವಿಯ ಸುದ್ದಿಗೆ ಹೋಗುವುದಿಲ್ಲ, ಎಚ್‌ಐವಿಯ ಬಗ್ಗೆ ಹೇಳುವವರು ತಂಬಾಕಿನ ಸುದ್ದಿ ಎತ್ತುವುದಿಲ್ಲ.

ನಿಮ್ಮಲ್ಲಿ ಕೆಲವರು "ಇದು ನಮಗಲ್ಲ" ಎಂದು ಪುಟ ತಿರುಗಿಸಬಹುದು. ದಯವಿಟ್ಟು ತಿರುಗಿಸಬೇಡಿ. ಎಚ್‌ಐವಿ ಇರುವವರು ಹಣೆಯ ಮೇಲೆ ಬರೆದುಕೊಂಡು ಓಡಾಡುವುದಿಲ್ಲ. ನಿಮ್ಮ ಜೊತೆ ಲೋಕಲ್ಲಿನಲ್ಲಿ ನಿಂತವರು, ಹೋಟೆಲಿನಲ್ಲಿ ನಿಮಗೆ ಇಡ್ಲಿ ತಂದಿಟ್ಟವರು, ಊರಿನ ಸಂಘದ ಸಭೆಯಲ್ಲಿ ಪಕ್ಕದ ಕುರ್ಚಿಯಲ್ಲಿ ಕುಳಿತವರು, ಯಾರಾದರೂ ಆಗಿರಬಹುದು. 2023ರ ಸರ್ಕಾರಿ ಅಂದಾಜಿನ ಪ್ರಕಾರ ನಮ್ಮ ದೇಶದಲ್ಲಿ ಎಚ್‌ಐವಿಯೊಂದಿಗೆ ಬದುಕುತ್ತಿರುವವರು 25 ಲಕ್ಷಕ್ಕೂ ಹೆಚ್ಚು. ಸಂಖ್ಯೆಯಲ್ಲಿ ಮೊದಲ ಮೂರು ರಾಜ್ಯಗಳು ಮಹಾರಾಷ್ಟ್ರ, ಆಂಧ್ರಪ್ರದೇಶ ಮತ್ತು ಕರ್ನಾಟಕ. ಅಂದರೆ ಹುಟ್ಟೂರು ಕರ್ನಾಟಕ, ಹೊಟ್ಟೆಪಾಡು ಮುಂಬಯಿ ಪುಣೆ ಎಂದಿರುವ ನಮ್ಮಂಥವರಿಗೆ ಇದು ದೂರದ ಸಂಗತಿಯಲ್ಲ.

ಮೊದಲು ತಂಬಾಕನ್ನು ನೋಡೋಣ.

ಹೊಗೆ ಇಲ್ಲದ ತಂಬಾಕು ಎಂದರೆ ಒಂದೇ ವಸ್ತುವಲ್ಲ. ಅಂಗೈ ಮೇಲೆ ಸುಣ್ಣ ಹಾಕಿ ತಿಕ್ಕಿ, ತಟ್ಟಿ, ಕೆಳತುಟಿಯ ಹಿಂದೆ ಇಟ್ಟುಕೊಳ್ಳುವ ಖೈನಿ ಒಂದು. ಎಲೆಅಡಿಕೆಯ ಜೊತೆ ಹಾಕುವ ಹೊಗೆಸೊಪ್ಪು, ಕಡ್ಡಿಪುಡಿ, ಜರ್ದಾ ಇನ್ನೊಂದು. ಚೀಟಿಯಲ್ಲಿ ಬರುವ ಗುಟ್ಕಾ, ಅಡಿಕೆ ತಂಬಾಕು ಸುಣ್ಣ ಸೇರಿಸಿ ತಿಕ್ಕಿ ಕೊಡುವ ಮಾವಾ, ಮೂಗಿಗೇರಿಸುವ ನಶ್ಯ, ಎಲ್ಲವೂ ಇದೇ ಬಳಗ. ಮಹಾರಾಷ್ಟ್ರದಲ್ಲಿ ಮತ್ತು ಗಡಿಭಾಗದ ನಮ್ಮ ಜಿಲ್ಲೆಗಳಲ್ಲಿ ಹೆಂಗಸರು ಹುರಿದ ತಂಬಾಕಿನ ಪುಡಿಯಿಂದ ಹಲ್ಲು ತಿಕ್ಕುತ್ತಾರೆ, ಅದಕ್ಕೆ ಮಿಶ್ರಿ ಎನ್ನುತ್ತಾರೆ. "ನಾನು ತಂಬಾಕು ಮುಟ್ಟುವುದಿಲ್ಲಪ್ಪಾ" ಎನ್ನುವ ಅಜ್ಜಿಯೇ ಬೆಳಿಗ್ಗೆ, ಮಧ್ಯಾಹ್ನ, ರಾತ್ರಿ ಮಿಶ್ರಿ ತಿಕ್ಕುತ್ತಿರುತ್ತಾಳೆ. ಅವಳ ಲೆಕ್ಕದಲ್ಲಿ ಅದು ಹಲ್ಲುಪುಡಿ. ತಂಬಾಕು ಸೇರಿಸಿದ ಹಲ್ಲುಪುಡಿ, ಟೂತ್‌ಪೇಸ್ಟುಗಳನ್ನು ಸರ್ಕಾರ 1992ರಲ್ಲೇ ನಿಷೇಧಿಸಿದೆ. ಅಜ್ಜಿಗೆ ಈ ಸುದ್ದಿ ಮುಟ್ಟಿಲ್ಲ.

ದೇಶದ ವಯಸ್ಕರ ತಂಬಾಕು ಸಮೀಕ್ಷೆ 2016-17ರಲ್ಲಿ ನಡೆದಾಗ, 15 ವರ್ಷ ಮೇಲ್ಪಟ್ಟವರಲ್ಲಿ ಶೇಕಡಾ 21.4 ಮಂದಿ ಹೊಗೆ ಇಲ್ಲದ ತಂಬಾಕು ಬಳಸುತ್ತಿದ್ದರು. ಲೆಕ್ಕ ಹಾಕಿದರೆ ಸುಮಾರು 20 ಕೋಟಿ ಜನ. ಬೀಡಿ ಸಿಗರೇಟು ಸೇದುವವರಿಗಿಂತ ಇವರ ಸಂಖ್ಯೆ ದೊಡ್ಡದು. ಗಂಡಸರಲ್ಲಿ ಶೇಕಡಾ 29.6, ಹೆಂಗಸರಲ್ಲಿ 12.8. ಕರ್ನಾಟಕದಲ್ಲಿ ಒಟ್ಟಾರೆ ಶೇಕಡಾ 16.3 ಇದ್ದರೆ ಮಹಾರಾಷ್ಟ್ರದಲ್ಲಿ 24.4. ಮುಂಬಯಿಯಲ್ಲಿ ಇದಕ್ಕೆ ಒಂದು ಕಾರಣ ಕಣ್ಣೆದುರಿಗೇ ಇದೆ. ಲೋಕಲ್ ಡಬ್ಬಿಯಲ್ಲಿ ಸಿಗರೇಟು ಹಚ್ಚುವಂತಿಲ್ಲ, ಕಾರ್ಖಾನೆಯಲ್ಲಿ ಹಚ್ಚುವಂತಿಲ್ಲ, ಹೋಟೆಲಿನ ಅಡಿಗೆಮನೆಯಲ್ಲಿ ಮಾಲೀಕರು ಬಿಡುವುದಿಲ್ಲ. ದವಡೆಯ ಸಂದಿಯಲ್ಲಿ ಇಟ್ಟುಕೊಂಡರೆ ಯಾರಿಗೂ ಕಾಣುವುದಿಲ್ಲ. ಹಸಿವು ಸಾಯುತ್ತದೆ, ನಿದ್ದೆ ತಡೆಯುತ್ತದೆ, ರಾತ್ರಿಪಾಳಿ ಕಳೆಯುತ್ತದೆ.

ದವಡೆಯ ಸಂದಿಯಲ್ಲಿ ನಡೆಯುವ ಕೆಲಸ

ಆ ಸಂದಿಯಲ್ಲಿ ನಡೆಯುವುದೇನು? ಹಸಿ ತಂಬಾಕನ್ನು ಒಣಗಿಸಿ ಹದಮಾಡುವಾಗ ಅದರೊಳಗಿನ ನಿಕೋಟಿನ್ ಮತ್ತು ಅದರ ಸೋದರ ವಸ್ತುಗಳಿಂದ ನೈಟ್ರೋಸಮೈನ್ ಎಂಬ ರಾಸಾಯನಿಕಗಳು ಹುಟ್ಟುತ್ತವೆ. ಇವು ಬಾಯಿಯ ಒಳಪೊರೆಯ ಜೀವಕೋಶಗಳಿಗೆ ಹೊಕ್ಕು ಅಲ್ಲಿನ ಡಿಎನ್‌ಎಗೆ ಅಂಟಿಕೊಂಡು ಅದನ್ನು ಕೆಡಿಸುತ್ತವೆ. ಜೀವಕೋಶಕ್ಕೆ ಯಾವಾಗ ಬೆಳೆಯಬೇಕು, ಯಾವಾಗ ನಿಲ್ಲಬೇಕು ಎಂದು ಹೇಳುವ ಬರಹ ಅದರಲ್ಲಿದೆ. ಅಲ್ಲಿ ಅಕ್ಷರ ತಪ್ಪಿದರೆ ಕೋಶ ನಿಲ್ಲದೆ ಬೆಳೆಯತೊಡಗುತ್ತದೆ. ಒಂದು ದಿನದಲ್ಲಿ ಆಗುವ ಕೆಲಸವಲ್ಲ ಇದು, ವರ್ಷಗಟ್ಟಲೆ ದಿನಕ್ಕೆ ಹತ್ತು ಸಲ ಅದೇ ಜಾಗದಲ್ಲಿ ಅದೇ ಉಂಡೆ ಕುಳಿತರೆ ಆಗುವುದು. ಹೊರದೇಶದವರಲ್ಲಿ ಬಾಯಿಯ ಕ್ಯಾನ್ಸರ್ ಹೆಚ್ಚಾಗಿ ನಾಲಿಗೆಯಲ್ಲಿ, ನಾಲಿಗೆಯ ಕೆಳಗೆ ಕಾಣಿಸಿಕೊಂಡರೆ ನಮ್ಮವರಲ್ಲಿ ಕೆನ್ನೆಯ ಒಳಭಾಗ ಮತ್ತು ಕೆಳ ಒಸಡಿನ ಸಂದಿಯಲ್ಲಿ ಹೆಚ್ಚು. ಉಂಡೆ ಎಲ್ಲಿಡುತ್ತೇವೋ ಗಡ್ಡೆ ಅಲ್ಲೇ.

ಸುಣ್ಣದ ಪಾತ್ರವನ್ನು ನಾವು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಖೈನಿಗೆ ಸುಣ್ಣ ಬೇಕೇ ಬೇಕು, ಇಲ್ಲದಿದ್ದರೆ "ಕಿಕ್" ಇಲ್ಲ ಎನ್ನುತ್ತಾರೆ. ಸರಿಯಾಗಿಯೇ ಹೇಳುತ್ತಾರೆ. ಸುಣ್ಣದ ಕ್ಷಾರ ನಿಕೋಟಿನನ್ನು ಬಿಡಿಸಿ, ಬಾಯಿಯ ಪೊರೆಯ ಮೂಲಕ ಬೇಗನೆ ರಕ್ತಕ್ಕೆ ಇಳಿಯುವ ರೂಪಕ್ಕೆ ತರುತ್ತದೆ. ಚಟ ಗಟ್ಟಿಯಾಗುವುದು ಇದರಿಂದ. ಜೊತೆಗೆ ಅದೇ ಸುಣ್ಣ ಒಳಪೊರೆಯನ್ನು ಸುಡುತ್ತದೆ, ತೆಳ್ಳಗೆ ಕೆರೆಯುತ್ತದೆ. ಸುಟ್ಟ ಪೊರೆ ವಾಸಿಯಾಗಲು ಹೊಸ ಕೋಶಗಳು ಮತ್ತೆ ಮತ್ತೆ ಹುಟ್ಟಬೇಕು, ಹುಟ್ಟುವ ಪ್ರತಿ ಸಲವೂ ತಪ್ಪಿಗೆ ಅವಕಾಶ.

ಈಗ ಅಡಿಕೆ. ಇಲ್ಲಿ ಕೆಲವರಿಗೆ ಸಿಟ್ಟು ಬರಬಹುದು ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ದೇಶದಲ್ಲಿ ಅತಿ ಹೆಚ್ಚು ಅಡಿಕೆ ಬೆಳೆಯುವ ರಾಜ್ಯ ನಮ್ಮದು. ಮಲೆನಾಡು, ಕರಾವಳಿಯ ಎಷ್ಟೋ ಮನೆಗಳಲ್ಲಿ ಮಕ್ಕಳ ಓದು, ಮದುವೆ ನಡೆದದ್ದು ಅಡಿಕೆಯ ದುಡ್ಡಿನಿಂದಲೇ. ತಾಂಬೂಲ ಇಲ್ಲದೆ ನಮ್ಮಲ್ಲಿ ಒಂದು ಶುಭಕಾರ್ಯವಿಲ್ಲ. ಆದರೂ ಹೇಳಬೇಕಾದ್ದು ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅಂಗವಾದ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ವರದಿಯಲ್ಲಿ, ತಂಬಾಕು ಸೇರಿಸದ ಎಲೆಅಡಿಕೆಯೂ ಬಾಯಿಯ ಕ್ಯಾನ್ಸರ್ ತರುತ್ತದೆ ಎಂದು ತೀರ್ಮಾನಿಸಿತು. ಅಡಿಕೆಯನ್ನೇ ಮೊದಲನೇ ವರ್ಗದ ಕ್ಯಾನ್ಸರ್‌ಕಾರಕಗಳ ಸಾಲಿಗೆ ಸೇರಿಸಿತು. ಹಬ್ಬಕ್ಕೊಂದು ಕವಳ ಹಾಕುವವರ ಬಗ್ಗೆ ನಾನು ಗಾಬರಿಪಡುವುದಿಲ್ಲ. ದಿನವಿಡೀ ಪಾನ್‌ಮಸಾಲಾ ಚೀಟಿ ಹರಿಯುತ್ತಾ "ಇದರಲ್ಲಿ ತಂಬಾಕಿಲ್ಲ ರೀ" ಎನ್ನುವವರ ಬಗ್ಗೆ ಪಡುತ್ತೇನೆ. ಅಡಿಕೆಯಲ್ಲಿರುವ ಅರೆಕೋಲಿನ್ ಎಂಬ ಅಂಶ ಕೆನ್ನೆಯ ಒಳಗೆ ನಾರನ್ನು ಬೆಳೆಸುತ್ತದೆ. ಮೃದುವಾದ ಕೆನ್ನೆ ಚರ್ಮದ ಹಾಗೆ ಬಿಗಿಯುತ್ತದೆ. ಮೊದಲು ಖಾರ ತಿಂದರೆ ಉರಿ, ಆಮೇಲೆ ಬಾಯಿ ಅಗಲ ತೆರೆಯಲು ಆಗುವುದಿಲ್ಲ, ಕೊನೆಗೆ ಎರಡು ಬೆರಳು ಹೋಗುವುದೂ ಕಷ್ಟ. ಇದಕ್ಕೆ ಡಾಕ್ಟರರು ಸಬ್‌ಮ್ಯೂಕಸ್ ಫೈಬ್ರೋಸಿಸ್ ಎನ್ನುತ್ತಾರೆ. ಬಿಗಿದ ನಾರು ಮತ್ತೆ ಪೂರ್ತಿ ಸಡಿಲವಾಗುವುದಿಲ್ಲ, ಕೆಲವರಲ್ಲಿ ಅದು ಕ್ಯಾನ್ಸರಿಗೆ ತಿರುಗುತ್ತದೆ.

ಅದೇ ಸಂಸ್ಥೆಯ 2024ರ ಲೆಕ್ಕ ಇನ್ನೂ ಕಣ್ತೆರೆಸುವಂಥದು. 2022ರಲ್ಲಿ ಇಡೀ ಪ್ರಪಂಚದಲ್ಲಿ ಹೊಗೆ ಇಲ್ಲದ ತಂಬಾಕು ಮತ್ತು ಅಡಿಕೆಯಿಂದ ಬಂದ ಬಾಯಿಯ ಕ್ಯಾನ್ಸರ್ ಸುಮಾರು 1,20,200. ಅದರಲ್ಲಿ 83,400 ನಮ್ಮ ದೇಶದ್ದೇ.

ಎಚ್‌ಐವಿ ಸೇರಿದಾಗ

ಎಚ್‌ಐವಿ ನಮ್ಮ ದೇಶದಲ್ಲಿ ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈಯಲ್ಲಿ, ಡಾ. ಸುನೀತಿ ಸೊಲೊಮನ್ ಮತ್ತು ಅವರ ವಿದ್ಯಾರ್ಥಿನಿ ಡಾ. ನಿರ್ಮಲಾ ಅವರ ಕೆಲಸದಿಂದ. ಆಗ ಅದು ಸಾವಿನ ಇನ್ನೊಂದು ಹೆಸರು. 2004ರ ಏಪ್ರಿಲ್ 1ರಿಂದ ಸರ್ಕಾರ ಎಆರ್‌ಟಿ ಮಾತ್ರೆಗಳನ್ನು ಉಚಿತವಾಗಿ ಕೊಡಲು ಆರಂಭಿಸಿತು. 2017ರಿಂದ, ಸಿಡಿ4 ಎಣಿಕೆ ಎಷ್ಟೇ ಇರಲಿ, ಸೋಂಕು ಖಚಿತವಾದ ಎಲ್ಲರಿಗೂ ಮಾತ್ರೆ. ಬೇಗ ಆರಂಭಿಸಿ ತಪ್ಪದೆ ನುಂಗಿದವರು ಇಂದು ಬೇರೆಯವರಷ್ಟೇ ದೀರ್ಘಕಾಲ ಬದುಕುವ ನಿರೀಕ್ಷೆ ಇಟ್ಟುಕೊಳ್ಳಬಹುದು. ಇದು ಬಹಳ ದೊಡ್ಡ ಸಂತೋಷದ ಸುದ್ದಿ. ಆದರೆ ಬದುಕು ಉದ್ದವಾದಾಗ, ನಿಧಾನವಾಗಿ ಬರುವ ರೋಗಗಳಿಗೂ ಸಮಯ ಸಿಗುತ್ತದೆ. ಇಪ್ಪತ್ತೈದನೇ ವಯಸ್ಸಿನಲ್ಲಿ ಬಾಯಿಗಿಟ್ಟ ಖೈನಿ ಐವತ್ತರಲ್ಲಿ ಲೆಕ್ಕ ಕೇಳಲು ಬರುತ್ತದೆ.

ಡೆನ್ಮಾರ್ಕಿನಿಂದ 2013ರಲ್ಲಿ ಬಂದ ಒಂದು ಅಧ್ಯಯನ ನೋಡಿ. ಚಿಕಿತ್ಸೆಯಲ್ಲಿರುವ, ಸಿಗರೇಟು ಸೇದುವ ಎಚ್‌ಐವಿ ಪೀಡಿತರು ಎಚ್‌ಐವಿಯಿಂದಾಗಿ ಕಳೆದುಕೊಳ್ಳುವ ಆಯುಷ್ಯ ಸುಮಾರು 5 ವರ್ಷ, ಸಿಗರೇಟಿನಿಂದಾಗಿ ಕಳೆದುಕೊಳ್ಳುವುದು ಸುಮಾರು 12 ವರ್ಷ. ಅದು ಹೊಗೆಯ ಲೆಕ್ಕ, ದೇಶವೂ ಶ್ರೀಮಂತರದ್ದು. ನಮ್ಮ ಖೈನಿಗೆ ಅದನ್ನೇ ಅಂಟಿಸುವುದು ಸರಿಯಲ್ಲ. ಆದರೆ ಮಾತ್ರೆಯನ್ನು ಗಡಿಯಾರ ನೋಡಿ ನುಂಗಿ, ಅದರ ಮೇಲೆ ಒಂದು ಚಿಟಿಕೆ ತಂಬಾಕು ಇಟ್ಟುಕೊಳ್ಳುವವರು ಯೋಚಿಸಬೇಕಾದ ಮಾತು ಅದರಲ್ಲಿದೆ.

ಹಾಗಾದರೆ ಎಚ್‌ಐವಿ ಇದ್ದರೆ ಬಾಯಿಯ ಕ್ಯಾನ್ಸರಿನ ಅಪಾಯ ಏಕೆ ಹೆಚ್ಚು? ನಮ್ಮ ದೇಹದಲ್ಲಿ ಕೆಟ್ಟ ಕೋಶಗಳು ಆಗಾಗ ಹುಟ್ಟುತ್ತಲೇ ಇರುತ್ತವೆ. ಎಲ್ಲವೂ ಕ್ಯಾನ್ಸರ್ ಆಗುವುದಿಲ್ಲ. ರಕ್ತದಲ್ಲಿ ಗಸ್ತು ತಿರುಗುವ ಬಿಳಿ ರಕ್ತಕಣಗಳು ಅವನ್ನು ಗುರುತಿಸಿ ಮುಗಿಸುತ್ತವೆ. ಎಚ್‌ಐವಿ ಹಿಡಿಯುವುದೇ ಆ ಗಸ್ತಿನವರ ಮುಖ್ಯಸ್ಥರನ್ನು, ಅಂದರೆ ಸಿಡಿ4 ಕಣಗಳನ್ನು. ಮಾತ್ರೆಯಿಂದ ಅವು ಬಹುಮಟ್ಟಿಗೆ ಚೇತರಿಸಿಕೊಳ್ಳುತ್ತವೆ. ಚಿಕಿತ್ಸೆ ತಡವಾಗಿ ಶುರುವಾದವರಲ್ಲಿ ಚೇತರಿಕೆ ಪೂರ್ತಿಯಾಗದೇ ಇರಬಹುದು. ಜೊತೆಗೆ ಎಚ್‌ಪಿವಿ ಎಂಬ ಇನ್ನೊಂದು ವೈರಸ್ ಇದೆ. ಗಂಟಲಿನ ಹಿಂಭಾಗದ ಕೆಲವು ಕ್ಯಾನ್ಸರುಗಳಿಗೆ ಅದು ಕಾರಣ, ಎಚ್‌ಐವಿ ಇರುವವರ ಬಾಯಲ್ಲಿ ಅದು ಹೆಚ್ಚಾಗಿ ಕಾಣುತ್ತದೆ.

"ಅವರು ತಂಬಾಕು ಹೆಚ್ಚು ತಿನ್ನುತ್ತಾರೆ, ಅದಕ್ಕೇ ಕ್ಯಾನ್ಸರ್, ಇದರಲ್ಲಿ ಎಚ್‌ಐವಿಯ ಪಾತ್ರ ಏನು?" ಎಂದು ಬುದ್ಧಿವಂತ ಕೇಳುಗರು ಕೇಳಬಹುದು. ಒಳ್ಳೆಯ ಪ್ರಶ್ನೆ. 28 ದೇಶಗಳ ಮನೆ-ಮನೆ ಸಮೀಕ್ಷೆಗಳನ್ನು ಒಟ್ಟುಗೂಡಿಸಿ 2017ರಲ್ಲಿ ಪ್ರಕಟವಾದ ಲೆಕ್ಕದಲ್ಲಿ, ಎಚ್‌ಐವಿ ಇರುವವರಲ್ಲಿ ತಂಬಾಕಿನ ಬಳಕೆ ಇಲ್ಲದವರಿಗಿಂತ ಹೆಚ್ಚು ಎಂದು ಕಂಡದ್ದೂ ನಿಜ. ಆದರೆ 2007ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಇನ್ನೊಂದು ಅಧ್ಯಯನ ಜಾಣತನದ್ದು. ಅದರಲ್ಲಿ ನಾಲ್ಕು ಲಕ್ಷಕ್ಕೂ ಹೆಚ್ಚು ಎಚ್‌ಐವಿ ಪೀಡಿತರನ್ನು, ಅಂಗಾಂಗ ಕಸಿ ಮಾಡಿಸಿಕೊಂಡ ಸುಮಾರು 32 ಸಾವಿರ ಜನರ ಜೊತೆ ಇಟ್ಟು ನೋಡಿದರು. ಇವೆರಡು ಗುಂಪುಗಳ ಬದುಕು, ಅಭ್ಯಾಸ ಬೇರೆ ಬೇರೆ. ಎರಡರಲ್ಲೂ ಸಮಾನವಾದದ್ದು ಒಂದೇ, ರೋಗನಿರೋಧಕ ಶಕ್ತಿ ಕುಗ್ಗಿರುವುದು. ಒಂದರಲ್ಲಿ ವೈರಸ್ಸಿನಿಂದ, ಇನ್ನೊಂದರಲ್ಲಿ ಕಸಿ ಉಳಿಯಲೆಂದು ಕೊಡುವ ಔಷಧಿಯಿಂದ. ಬಾಯಿ ಮತ್ತು ಗಂಟಲಿನ ಕ್ಯಾನ್ಸರ್ ಸಾಮಾನ್ಯ ಜನರಿಗಿಂತ ಎಚ್‌ಐವಿ ಗುಂಪಿನಲ್ಲಿ ಸುಮಾರು 2.3 ಪಟ್ಟು, ಕಸಿಯ ಗುಂಪಿನಲ್ಲಿ 3.2 ಪಟ್ಟು ಹೆಚ್ಚಿತ್ತು. ತಂಬಾಕು ಬೀಜ ಬಿತ್ತುತ್ತದೆ, ಕಾವಲುಗಾರ ಸುಸ್ತಾಗಿದ್ದರೆ ಕಳೆ ಕೀಳುವವರಿಲ್ಲ. ತಂಬಾಕು ಬಿಟ್ಟು ಮಾತ್ರೆ ತಪ್ಪಿಸದವರಿಗೆ ಎರಡೂ ಕಡೆಯಿಂದ ಲಾಭ.

ಬಿಳಿ ಮಚ್ಚೆಯ ಗೊಂದಲ

ಈ ಲೇಖನ ಬರೆಯಬೇಕೆನಿಸಿದ್ದು ಮುಖ್ಯವಾಗಿ ಈ ಭಾಗಕ್ಕಾಗಿ. ಎಚ್‌ಐವಿ ಇರುವವರಿಗೆ ಬಾಯಿಯ ತೊಂದರೆ ಹೊಸದೇನಲ್ಲ. ಹಾಗಾಗಿ ಬಾಯಲ್ಲಿ ಏನೇ ಕಂಡರೂ "ಅದು ಆ ಕಾಯಿಲೆಯದ್ದೇ, ಮಾತ್ರೆಯಿಂದ ಹೋಗುತ್ತದೆ" ಎಂದು ಸುಮ್ಮನಾಗುತ್ತಾರೆ. ಇನ್ನು ಕೆಲವರಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಹೆದರಿಕೆ, ಹೋದರೆ ಕಾಯಿಲೆಯ ವಿಷಯ ಹೇಳಬೇಕಲ್ಲ ಎಂದು. ಹೀಗೆ ಸುಮ್ಮನಿರುವ ಆರು ತಿಂಗಳಲ್ಲಿ ಆಟವೇ ಬದಲಾಗಿಬಿಡುತ್ತದೆ. ಆದ್ದರಿಂದ ಬಿಳಿಗೂ ಬಿಳಿಗೂ ಇರುವ ವ್ಯತ್ಯಾಸ ತಿಳಿದಿರಲಿ.

ಎಚ್‌ಐವಿಯಲ್ಲಿ ಹೆಚ್ಚಾಗಿ ಬರುವುದು ಕ್ಯಾಂಡಿಡಾ ಎಂಬ ಬೂಷ್ಟು. ನಾಲಿಗೆ, ಅಂಗುಳ, ಕೆನ್ನೆಯ ಮೇಲೆ ಒಡೆದ ಮೊಸರು ಮೆತ್ತಿದ ಹಾಗಿರುತ್ತದೆ. ಬಟ್ಟೆಯಿಂದ ಒರೆಸಿದರೆ ಬರುತ್ತದೆ, ಕೆಳಗೆ ಕೆಂಪಗಿರುತ್ತದೆ. ಬೂಷ್ಟಿನ ಔಷಧಿಯಿಂದ ಒಂದೆರಡು ವಾರದಲ್ಲಿ ಹೋಗುತ್ತದೆ. ಎರಡನೆಯದು ನಾಲಿಗೆಯ ಅಂಚಿನಲ್ಲಿ ನೆಟ್ಟಗೆ ಸುಕ್ಕುಸುಕ್ಕಾಗಿ ಕಾಣುವ ಬಿಳಿ ಗೆರೆಗಳು. ಒರೆಸಿದರೆ ಹೋಗುವುದಿಲ್ಲ. ಹೇರಿ ಲ್ಯುಕೋಪ್ಲೇಕಿಯಾ ಎಂದು ಹೆಸರು, ಕಾರಣ ಬೇರೊಂದು ವೈರಸ್. ಅದು ಕ್ಯಾನ್ಸರಿಗೆ ತಿರುಗುವುದಿಲ್ಲ, ಆದರೆ ರೋಗನಿರೋಧಕ ಶಕ್ತಿ ಕುಗ್ಗಿದೆ ಎಂಬ ಸೂಚನೆ.

ಮೂರನೆಯದರ ಹೆಸರೂ ಲ್ಯುಕೋಪ್ಲೇಕಿಯಾ, ಮುಂದೆ ಹೇರಿ ಇಲ್ಲ, ಅಷ್ಟೆ. ಹೆಸರು ಒಂದೇ ಥರ ಇರುವುದರಿಂದಲೇ ಎಷ್ಟೋ ಜನ ಮೋಸಹೋಗುತ್ತಾರೆ. ಇದು ತಂಬಾಕಿನ ಮಚ್ಚೆ. ಉಂಡೆ ಇಡುವ ಜಾಗದಲ್ಲೇ ಬಿಳಿಯಾಗಿ, ಸ್ವಲ್ಪ ದಪ್ಪವಾಗಿ, ಒರಟಾಗಿ ಕಾಣುತ್ತದೆ. ಒರೆಸಿದರೆ ಹೋಗುವುದಿಲ್ಲ. ನೋವಿಲ್ಲ. ನೋವಿಲ್ಲ ಎಂಬುದನ್ನು ಎರಡು ಸಲ ಓದಿಕೊಳ್ಳಿ, ಏಕೆಂದರೆ ನಮ್ಮವರು ಡಾಕ್ಟರ ಹತ್ತಿರ ಹೋಗುವುದು ನೋವಾದಾಗ ಮಾತ್ರ. ಇವುಗಳಲ್ಲಿ ಕೆಲವು ವರ್ಷಗಳ ನಂತರ ಕ್ಯಾನ್ಸರ್ ಆಗುತ್ತವೆ. ಮಖಮಲ್ಲಿನಂತೆ ಕಾಣುವ ಕೆಂಪು ಮಚ್ಚೆ ಬಿಳಿಯದಕ್ಕಿಂತಲೂ ಅಪಾಯದ್ದು, ಪರೀಕ್ಷೆ ಮಾಡಿದಾಗ ಬಹಳಷ್ಟರಲ್ಲಿ ಕೋಶಗಳು ಆಗಲೇ ಕೆಟ್ಟಿರುತ್ತವೆ. ಎರಡು ವಾರ ಕಳೆದರೂ ಮಾಯದ ಹುಣ್ಣು, ಕಾರಣವಿಲ್ಲದೆ ಅಲ್ಲಾಡುವ ಹಲ್ಲು, ಕೈಗೆ ಸಿಗುವ ಗಂಟು, ನಾಲಿಗೆ ಅಥವಾ ತುಟಿಯಲ್ಲಿ ಜೋಮು, ಕುತ್ತಿಗೆಯ ಪಕ್ಕ ಊತ, ಇವೂ ಸುಮ್ಮನಿರುವ ಸಂಗತಿಗಳಲ್ಲ. ಯಾವುದು ಯಾವುದೆಂದು ಖಚಿತವಾಗಿ ಹೇಳುವುದು ಡಾಕ್ಟರರು, ಅವರಿಗೂ ಅನುಮಾನ ಬಂದರೆ ಒಂದು ಚೂರು ತೆಗೆದು ಬಯಾಪ್ಸಿ ಮಾಡುತ್ತಾರೆ. ಚೂರು ತೆಗೆದರೆ ಕ್ಯಾನ್ಸರ್ ಹರಡುತ್ತದೆ ಎಂದು ಊರಲ್ಲಿ ಹೇಳುತ್ತಾರಲ್ಲ, ಅದನ್ನು ನಂಬಿ ತಪ್ಪಿಸಿಕೊಳ್ಳಬೇಡಿ.

ಇದೇ ಜಾಗದಲ್ಲಿ ಇನ್ನೊಂದು ತಪ್ಪು ತಿಳುವಳಿಕೆಯನ್ನೂ ತೆಗೆದುಹಾಕೋಣ. ಒಂದೇ ಡಬ್ಬಿಯ ಖೈನಿ ಹಂಚಿಕೊಂಡರೆ, ಒಂದೇ ತಟ್ಟೆಯ ಎಲೆಅಡಿಕೆ ಹಾಕಿದರೆ, ಒಂದೇ ಲೋಟದಲ್ಲಿ ನೀರು ಕುಡಿದರೆ ಎಚ್‌ಐವಿ ಹರಡುವುದಿಲ್ಲ. ಉಗುಳಿನಿಂದಲೂ ಇಲ್ಲ. ಯಾರದೋ ಬಾಯಲ್ಲಿ ಹುಣ್ಣು ಕಂಡ ಮಾತ್ರಕ್ಕೆ ಅವರಿಗೆ ಆ ಕಾಯಿಲೆ ಇದೆ ಎಂದು ಚಾಳಿನಲ್ಲಿ ಸುದ್ದಿ ಹಬ್ಬಿಸುವವರಿಗೆ ಇದನ್ನು ಓದಿ ಹೇಳಿ.

ಕನ್ನಡಿಯ ಮುಂದೆ ಐದು ನಿಮಿಷ

ಬಾಯಿಯ ಕ್ಯಾನ್ಸರಿನಲ್ಲಿ ಒಂದು ಅನುಕೂಲವಿದೆ. ಹೊಟ್ಟೆಯದ್ದೋ ಶ್ವಾಸಕೋಶದ್ದೋ ಆದರೆ ಯಂತ್ರ ಬೇಕು, ಬಾಯಿಯದ್ದಕ್ಕೆ ಕಣ್ಣು ಸಾಕು. ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಆರಂಭವಾದ ಒಂದು ದೊಡ್ಡ ಅಧ್ಯಯನದಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಟಾರ್ಚು ಬಿಟ್ಟು ಬಾಯಿ ನೋಡಿದರು. ಬೇರೆ ಯಾವ ದುಬಾರಿ ಸಲಕರಣೆಯೂ ಇರಲಿಲ್ಲ. 2005ರಲ್ಲಿ ಫಲಿತಾಂಶ ಬಂತು. ತಂಬಾಕು ಅಥವಾ ಮದ್ಯದ ಅಭ್ಯಾಸವಿದ್ದವರಲ್ಲಿ, ಹೀಗೆ ನೋಡಿಸಿಕೊಂಡ ಊರುಗಳಲ್ಲಿ ಬಾಯಿಯ ಕ್ಯಾನ್ಸರಿನ ಸಾವು ಮೂರರಲ್ಲೊಂದು ಪಾಲು ಕಡಿಮೆಯಾಗಿತ್ತು.

ಮನೆಯಲ್ಲೇ ತಿಂಗಳಿಗೊಮ್ಮೆ ನೀವೂ ನೋಡಿಕೊಳ್ಳಬಹುದು. ಕೈ ತೊಳೆದು, ಬಾಯಿ ಮುಕ್ಕಳಿಸಿ, ಒಳ್ಳೆಯ ಬೆಳಕಿನಲ್ಲಿ ಕನ್ನಡಿಯ ಮುಂದೆ ನಿಲ್ಲಿ. ಕಟ್ಟಿಸಿಕೊಂಡ ಹಲ್ಲಿನ ಸೆಟ್ ಇದ್ದರೆ ತೆಗೆಯಿರಿ. ತುಟಿಯನ್ನು ಮಡಚಿ ಒಳಭಾಗ, ಒಂದೊಂದೇ ಕೆನ್ನೆಯನ್ನು ಬೆರಳಿನಿಂದ ಎಳೆದು ಒಳಗಿನ ಸಂದಿ, ನಾಲಿಗೆ ಹೊರಚಾಚಿ ಎರಡೂ ಅಂಚು, ನಾಲಿಗೆ ಮೇಲೆತ್ತಿ ಕೆಳಗಡೆ, ತಲೆ ಹಿಂದಕ್ಕೆ ಬಾಗಿಸಿ ಅಂಗುಳ. ಆಮೇಲೆ ದವಡೆಯ ಕೆಳಗೆ, ಕುತ್ತಿಗೆಯ ಎರಡೂ ಪಕ್ಕ ಬೆರಳಿನಿಂದ ಒತ್ತಿ ನೋಡಿ. ಕೊನೆಗೆ ನಿಮ್ಮದೇ ಮೂರು ಬೆರಳುಗಳನ್ನು ಒಂದರ ಮೇಲೊಂದು ನೆಟ್ಟಗೆ ಹಿಡಿದು ಹಲ್ಲುಗಳ ನಡುವೆ ತೂರಿಸಿ. ಹೋಗದಿದ್ದರೆ ತೋರಿಸಿ.

ಸರ್ಕಾರದ ಕಾರ್ಯಕ್ರಮದಲ್ಲಿ 30 ವರ್ಷ ಮೇಲ್ಪಟ್ಟವರಿಗೆ 5 ವರ್ಷಕ್ಕೊಮ್ಮೆ ಬಾಯಿ ತಪಾಸಣೆ ಇದೆ. ಎಚ್‌ಐವಿಯೂ ಇದ್ದು ತಂಬಾಕೂ ತಿನ್ನುವವರಿಗೆ ಐದು ವರ್ಷ ಬಹಳ ದೂರ ಎಂಬುದು ನನ್ನ ಅನಿಸಿಕೆ. ಅವರು ಮಾತ್ರೆಗಾಗಿ ಹೇಗೂ ಎಆರ್‌ಟಿ ಕೇಂದ್ರಕ್ಕೆ ಹೋಗುತ್ತಾರೆ. ತೂಕ ನೋಡುತ್ತಾರೆ, ಕೆಮ್ಮು ಇದೆಯೇ ಜ್ವರ ಇದೆಯೇ ಎಂದು ಕೇಳುತ್ತಾರೆ. ಡಾಕ್ಟರರು ಕೇಳದಿದ್ದರೆ ನೀವೇ ಹೇಳಿ: "ಡಾಕ್ಟ್ರೇ, ನಾನು ತಂಬಾಕು ತಿಂತೀನಿ, ಒಂದ್ಸಲ ಬಾಯಿ ನೋಡಿಬಿಡಿ." ಟಾರ್ಚು ಹಿಡಿದು ನೋಡಲು ಎರಡು ನಿಮಿಷ ಸಾಕು.

ಒಂದು ವೇಳೆ ಕ್ಯಾನ್ಸರೇ ಎಂದು ಗೊತ್ತಾದರೆ? ಆರಂಭದಲ್ಲಿ ಸಿಕ್ಕರೆ ಬಹಳಷ್ಟು ಸಲ ಒಂದು ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುತ್ತದೆ. ತಡವಾದರೆ ದವಡೆಯ ಎಲುಬು ತೆಗೆಯಬೇಕು, ಮೇಲೆ ವಿಕಿರಣ, ಕೀಮೋ, ನುಂಗಲು ಮಾತಾಡಲು ಕಷ್ಟ. ನಮ್ಮ ದೇಶದಲ್ಲಿ ಹೆಚ್ಚಿನವರು ಬರುವುದೇ ತಡವಾಗಿ. ಎಚ್‌ಐವಿ ಇದೆ ಎಂಬ ಕಾರಣಕ್ಕೆ ಈ ಚಿಕಿತ್ಸೆ ಯಾವುದೂ ನಿಂತುಹೋಗುವುದಿಲ್ಲ. ಎಆರ್‌ಟಿ ಮುಂದುವರಿಸಿಕೊಂಡೇ ಚಿಕಿತ್ಸೆ ಮಾಡುತ್ತಾರೆ. ವಿಕಿರಣದ ಹೊತ್ತಿನಲ್ಲಿ ಬಾಯಿಯ ಹುಣ್ಣು, ಬೂಷ್ಟಿನ ಬಗ್ಗೆ ಹೆಚ್ಚು ಎಚ್ಚರ ಬೇಕಾಗುತ್ತದೆ, ಅಷ್ಟೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆ, ಬೆಂಗಳೂರಿನ ಕಿದ್ವಾಯಿ, ಚೆನ್ನೈಯ ಅಡ್ಯಾರಿನ ಕ್ಯಾನ್ಸರ್ ಸಂಸ್ಥೆ, ಹೈದರಾಬಾದಿನ ಎಂ.ಎನ್.ಜೆ., ದೆಹಲಿಯ ಏಮ್ಸ್, ನೀವು ಯಾವ ಊರಿನಲ್ಲಿದ್ದರೂ ಒಂದು ದೊಡ್ಡ ಸರ್ಕಾರಿ ಅಥವಾ ಧರ್ಮಾರ್ಥ ಆಸ್ಪತ್ರೆ ಇದೆ. ಇನ್ನು ಕಾನೂನು. 2017ರಲ್ಲಿ ಸಂಸತ್ತು ಒಪ್ಪಿ, 2018ರ ಸೆಪ್ಟೆಂಬರ್ 10ರಿಂದ ಜಾರಿಗೆ ಬಂದ ಎಚ್‌ಐವಿ ಕಾಯ್ದೆಯ ಪ್ರಕಾರ ಸೋಂಕಿನ ಕಾರಣಕ್ಕೆ ಚಿಕಿತ್ಸೆ ನಿರಾಕರಿಸುವುದು ಕಾನೂನು ನಿಷೇಧಿಸಿದ ತಾರತಮ್ಯ. ನಿಮ್ಮ ಒಪ್ಪಿಗೆ ಇಲ್ಲದೆ ನಿಮ್ಮ ಸ್ಥಿತಿಯನ್ನು ಬೇರೆಯವರಿಗೆ ತಿಳಿಸುವಂತೆಯೂ ಇಲ್ಲ.

ಬಿಡುವುದು ಹೇಗೆ

ಗುಟ್ಕಾ ನಿಷೇಧವಾಗಿದೆಯಲ್ಲ, ಇನ್ನೇನು ಚಿಂತೆ ಎನ್ನಬಹುದು. 2012ರ ಏಪ್ರಿಲಿನಲ್ಲಿ ಮಧ್ಯಪ್ರದೇಶ ಮೊದಲು ನಿಷೇಧಿಸಿತು, ಅದೇ ವರ್ಷ ಮಹಾರಾಷ್ಟ್ರ, 2013ರಲ್ಲಿ ಕರ್ನಾಟಕ. ಕಂಪನಿಗಳು ಪಾನ್‌ಮಸಾಲಾ ಒಂದು ಚೀಟಿ, ತಂಬಾಕು ಇನ್ನೊಂದು ಚೀಟಿ ಮಾಡಿದವು. ಗಿರಾಕಿ ಎರಡನ್ನೂ ಹರಿದು ಅಂಗೈಯಲ್ಲಿ ಬೆರೆಸಿದರೆ ಅದೇ ಗುಟ್ಕಾ. ಕಾನೂನನ್ನು ನಂಬಿ ಕೂರುವ ಹಾಗಿಲ್ಲ.

ಚಟ ಬಿಡುವಾಗ ಮೊದಲ ವಾರ ಕಷ್ಟ. ಸಿಡುಕು, ತಲೆನೋವು, ನಿದ್ದೆಗೇಡು, ಹಸಿವು. ಎರಡರಿಂದ ನಾಲ್ಕು ವಾರದಲ್ಲಿ ಇಳಿಯುತ್ತದೆ. "ಈಗಲೇ ಬೇಕು" ಎಂಬ ಒಂದೊಂದು ಅಲೆಯೂ ಕೆಲವೇ ನಿಮಿಷದ್ದು. ನೀರು ಕುಡಿಯುವುದು, ಸೋಂಪೋ ಲವಂಗವೋ ಬಾಯಿಗೆ ಹಾಕುವುದು, ಎದ್ದು ನಾಲ್ಕು ಹೆಜ್ಜೆ ನಡೆಯುವುದು ಆ ಹೊತ್ತನ್ನು ದಾಟಿಸುತ್ತವೆ. ಅಡಿಕೆ ಪುಡಿ ಮಾತ್ರ ಬೇಡ, ಅದರ ಕಥೆ ಮೇಲೆ ಹೇಳಿಯಾಗಿದೆ. ನಿಕೋಟಿನ್ ಚೂಯಿಂಗ್ ಗಮ್ ಇದೆ, ಆದರೆ ಅದನ್ನು ಬಬಲ್‌ಗಮ್ಮಿನ ಹಾಗೆ ಜಗಿಯುತ್ತಲೇ ಇರಬಾರದು. ನಾಲ್ಕಾರು ಸಲ ಜಗಿದು, ಚುರುಗುಟ್ಟಿದಾಗ ಕೆನ್ನೆಯ ಸಂದಿಯಲ್ಲಿ ಸುಮ್ಮನೆ ಇಡಬೇಕು, ರುಚಿ ಹೋದ ಮೇಲೆ ಮತ್ತೆ ಜಗಿಯಬೇಕು. ಬಾಯಿ ತೆರೆಯಲಾಗದವರಿಗೆ ಚರ್ಮಕ್ಕೆ ಅಂಟಿಸುವ ಪಟ್ಟಿ ಇದೆ. ವಾರೆನಿಕ್ಲಿನ್ ಎಂಬ ಮಾತ್ರೆ ಇದೆ. ಬುಪ್ರೊಪಿಯಾನ್ ಎಂಬ ಇನ್ನೊಂದಿದೆ, ಆದರೆ ರಿಟೋನಾವಿರ್, ಎಫಾವಿರೆಂಜ್‌ನಂಥ ಕೆಲವು ಎಚ್‌ಐವಿ ಔಷಧಿಗಳು ಅದರ ಪ್ರಭಾವ ತಗ್ಗಿಸುತ್ತವೆ. ಆದ್ದರಿಂದ ಯಾವುದನ್ನೇ ಶುರುಮಾಡುವ ಮೊದಲು ಎಆರ್‌ಟಿ ಡಾಕ್ಟರಿಗೆ ನಿಮ್ಮ ಮಾತ್ರೆಗಳ ಚೀಟಿ ತೋರಿಸಿ. ಮನೆಯವರೂ ಒಂದು ಕೆಲಸ ಮಾಡಬಹುದು. ಬಿಡುತ್ತೇನೆ ಎಂದವರು ಒಂದು ದಿನ ಜಾರಿದರೆ "ನಿಮ್ಮ ಹಣೆಬರಹ ಇಷ್ಟೇ" ಎಂದು ಎಲ್ಲರೆದುರು ಬೈಯಬೇಡಿ. ಹೆಚ್ಚಿನವರು ಬಿಡುವುದು ಒಂದಕ್ಕಿಂತ ಹೆಚ್ಚು ಸಲ ಪ್ರಯತ್ನಿಸಿದ ಮೇಲೆಯೇ.

ತಂಬಾಕು ಬಿಡಲು ಸಹಾಯ ಮಾಡುವ ರಾಷ್ಟ್ರೀಯ ಉಚಿತ ದೂರವಾಣಿ 1800-11-2356, ಚೀಟಿಗಳ ಮೇಲೂ ಅಚ್ಚಾಗಿರುತ್ತದೆ. ದಕ್ಷಿಣದ ಭಾಷೆಗಳ ಕರೆಗಳನ್ನು ಬೆಂಗಳೂರಿನ ನಿಮ್ಹಾನ್ಸ್ ಕೇಂದ್ರದವರು ನೋಡಿಕೊಳ್ಳುತ್ತಾರೆ, ಹಾಗಾಗಿ ದೆಹಲಿಯಲ್ಲಿ ಕುಳಿತವರೂ ಕನ್ನಡದಲ್ಲೇ ಮಾತಾಡುತ್ತೇನೆ ಎಂದು ಕೇಳಬಹುದು. ಎಚ್‌ಐವಿಯ ಬಗ್ಗೆ ಉಚಿತ ಸಂಖ್ಯೆ 1097, ಹೆಸರು ಹೇಳಬೇಕಾಗಿಲ್ಲ. ಇನ್ನು, ಊರು ಬಿಟ್ಟು ಊರಿಗೆ ಕೆಲಸ ಬದಲಿಸುವವರು ಮಾತ್ರೆ ನಿಲ್ಲಿಸಬೇಕಾಗಿಲ್ಲ. ಈಗಿರುವ ಎಆರ್‌ಟಿ ಕೇಂದ್ರದಲ್ಲಿ ವರ್ಗಾವಣೆ ಕೇಳಿದರೆ ಹೊಸ ಊರಿನ ಕೇಂದ್ರಕ್ಕೆ ಕಾಗದ ಬರೆದುಕೊಡುತ್ತಾರೆ. ಅದನ್ನು ಕೊಡುವಾಗ ಬಾಯಲ್ಲಿ ಮಚ್ಚೆ ಇದ್ದರೆ, ಅದನ್ನೂ ಆ ಕಾಗದದಲ್ಲಿ ಬರೆಸಿಕೊಳ್ಳಿ.